ವಿಬಿಎಸ್‌ನಲ್ಲಿ ಸುವಾರ್ತೆ: ಎಲ್ಲ ಮಕ್ಕಳೂ ಕೈ ಎತ್ತಿದರೆ ಅದಕ್ಕೇನರ್ಥ?

ಪ್ರಶ್ನೆ: ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಬೇಸಿಗೆ ರಜೆಗೆ ಐದು ದಿನ ವಿಬಿಎಸ್, ಅಂದರೆ ಮಕ್ಕಳಿಗಾಗಿ ರಜೆಯ ಬೈಬಲ್ ಶಾಲೆ, ನಡೆಸುತ್ತೇವೆ. ಆರರಿಂದ ಹನ್ನೆರಡು ವರ್ಷದ ಸುಮಾರು ಅರವತ್ತು ಮಕ್ಕಳು ಬರುತ್ತಾರೆ, ಕೆಲವರು ಕ್ರೈಸ್ತ ಮನೆಯವರಲ್ಲ. ಈ ಸಲ ಸತ್ಯವೇದ (ಬೈಬಲ್) ಪಾಠದ ಹೊಣೆ ನನ್ನದು, ದಿನಕ್ಕೆ 20 ನಿಮಿಷ. ಹೋದ ವರ್ಷ ಕೊನೆಯ ದಿನ "ಯೇಸುವನ್ನು ಹೃದಯದಲ್ಲಿ ಸೇರಿಸಿಕೊಳ್ಳುವವರು ಕೈ ಎತ್ತಿ" ಎಂದಾಗ ಹೆಚ್ಚುಕಡಿಮೆ ಎಲ್ಲರೂ ಎತ್ತಿದರು. ಎರಡು ವಾರ ಬಿಟ್ಟು ಸಂಡೇ ಸ್ಕೂಲಿನಲ್ಲಿ "ಯೇಸು ಯಾಕೆ ಸತ್ತರು?" ಎಂದು ಕೇಳಿದರೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಎಲ್ಲಿ ಎಡವುತ್ತಿದ್ದೇವೆ? ಮಕ್ಕಳಿಗೆ ಸುವಾರ್ತೆಯನ್ನು ಹೇಗೆ ಹೇಳಬೇಕು?

ಉತ್ತರ: ಮೊದಲು ಆ ಕೈಗಳ ಲೆಕ್ಕವನ್ನು ಬದಿಗಿಡಿ. ಎಂಟು ವರ್ಷದ ಮಗು ಕೈ ಎತ್ತುವುದಕ್ಕೆ ಕಾರಣ ನೂರೆಂಟು. ಪಕ್ಕದ ಗೆಳತಿ ಎತ್ತಿದಳು. ಟೀಚರ್ ಮುಖದಲ್ಲಿ ನಿರೀಕ್ಷೆ ಕಂಡಿತು. ಎತ್ತದಿದ್ದರೆ ಕೆಟ್ಟವನು ಅಂದುಕೊಳ್ಳುತ್ತಾರೆ. ಹಿಂದಿನ ವರ್ಷವೂ ಎತ್ತಿದ್ದೆ. ನಿಜವಾಗಿಯೂ ಮನಸ್ಸು ಕರಗಿ ಎತ್ತಿದ ಮಗುವೂ ಆ ಗುಂಪಿನಲ್ಲಿ ಇರಬಹುದು, ಆದರೆ ಮೇಲೆದ್ದ ಕೈಗಳಲ್ಲಿ ಆ ಕೈ ಯಾವುದು ಎಂದು ನಿಮಗೆ ತಿಳಿಯುವುದಿಲ್ಲ. ಮಕ್ಕಳು ದೊಡ್ಡವರಿಗೆ "ಹೂಂ" ಅನ್ನಲು ಪಳಗಿರುವವರು. ಗುಂಪಿನ ಮುಂದೆ "ಹೌದು" ಬಿಟ್ಟು ಬೇರೆ ಉತ್ತರವೇ ಇಲ್ಲದ ಪ್ರಶ್ನೆ ಹಾಕಿದರೆ "ಹೌದು" ಬರುತ್ತದೆ, ಅಷ್ಟೇ.

ನೀವು ಎರಡು ವಾರ ಬಿಟ್ಟು ಕೇಳಿದ ಪ್ರಶ್ನೆಯೇ ಸರಿಯಾದ ಅಳತೆ. ಸುವಾರ್ತೆ ಎಂದರೆ ಮೊದಲು ನಡೆದ ಸಂಗತಿ: ಒಬ್ಬರು ಬಂದರು, ಸತ್ತರು, ಹೂಣಲ್ಪಟ್ಟರು, ಎದ್ದರು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೇ ಅಧ್ಯಾಯ, 3 ಮತ್ತು 4ನೇ ವಚನಗಳಲ್ಲಿ ಅಪೊಸ್ತಲನಾದ ಪೌಲನು ಅದನ್ನೇ ಮೊದಲಿಗಿಟ್ಟು ಹೇಳುತ್ತಾನೆ. ಆ ಸಂಗತಿ ಮಗುವಿನ ತಲೆಗೆ ಇಳಿಯುವ ಮೊದಲೇ "ತೀರ್ಮಾನ ಮಾಡು" ಎಂದರೆ, ಯಾವುದರ ಬಗ್ಗೆ ತೀರ್ಮಾನ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಐದು ದಿನದ ನಿಮ್ಮ ಕೆಲಸ ಸುದ್ದಿಯನ್ನು ಸ್ಪಷ್ಟವಾಗಿ ಮುಟ್ಟಿಸುವುದು, ಪ್ರತಿಕ್ರಿಯಿಸಲು ಬಾಗಿಲು ತೆರೆದಿಡುವುದು. ಮಗುವನ್ನು ಬಾಗಿಲೊಳಗೆ ತಳ್ಳುವುದು ನಿಮ್ಮ ಕೆಲಸವಲ್ಲ.

ಪಾಠ ಬರೆಯುವ ಮೊದಲು ಸಭಾಪಾಲಕರ (ಪಾಸ್ಟರ್) ಜೊತೆ ಅರ್ಧ ಗಂಟೆ ಕುಳಿತುಕೊಳ್ಳಿ. ಶಿಶು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡುವ ಸಭೆಯಲ್ಲಿ ವಿಶ್ವಾಸಿಗಳ ಮಕ್ಕಳ ಜೊತೆ ಮಾತಾಡುವ ರೀತಿಯೇ ಬೇರೆ, ನಂಬಿದ ಮೇಲೆಯೇ ದೀಕ್ಷಾಸ್ನಾನ ಕೊಡುವ ಸಭೆಯಲ್ಲಿ ಬೇರೆ. ಮಗು "ನಾನು ನಂಬುತ್ತೇನೆ" ಎಂದರೆ ನಂತರ ಏನು ಎಂಬುದಕ್ಕೆ ಸ್ವಯಂಸೇವಕರೆಲ್ಲರ ಬಾಯಲ್ಲೂ ಒಂದೇ ಉತ್ತರ ಇರಬೇಕು. ಇದನ್ನು ಬಿಟ್ಟರೆ ಮೂರನೆಯ ದಿನವೇ ಒಬ್ಬ ಟೀಚರ್ ಹೇಳಿದ್ದನ್ನು ಇನ್ನೊಬ್ಬರು ಅಳಿಸುತ್ತಿರುತ್ತಾರೆ.

ಇನ್ನು ಆ ಸುದ್ದಿಯನ್ನು ಆರು ಚಿಕ್ಕ ಭಾಗಗಳಲ್ಲಿ ಬರೆದುಕೊಂಡು, ಎಲ್ಲ ಸಹಾಯಕರೂ ಬಾಯಿಪಾಠ ಮಾಡಿಕೊಳ್ಳಿ. ಉದಾಹರಣೆಗೆ:

"ದೇವರು ನಿನ್ನನ್ನು ಉಂಟುಮಾಡಿದರು, ನಿನ್ನನ್ನು ಪ್ರೀತಿಸುತ್ತಾರೆ. ನಾವೆಲ್ಲರೂ ದೇವರ ಮಾತು ಮೀರಿ ಅವರಿಂದ ದೂರ ಹೋಗಿದ್ದೇವೆ, ಅದನ್ನು ನಾವಾಗಿಯೇ ಸರಿಮಾಡಿಕೊಳ್ಳಲು ಆಗುವುದಿಲ್ಲ. ದೇವರ ಮಗನಾದ ಯೇಸು ಮನುಷ್ಯನಾಗಿ ಬಂದರು, ಒಂದೇ ಒಂದು ತಪ್ಪೂ ಮಾಡಲಿಲ್ಲ. ನಮ್ಮ ಪಾಪದ ಶಿಕ್ಷೆಯನ್ನು ತಾವು ಹೊತ್ತುಕೊಂಡು ಶಿಲುಬೆಯ ಮೇಲೆ ಸತ್ತರು. ಮೂರನೆಯ ದಿನ ಜೀವಂತವಾಗಿ ಎದ್ದರು, ಈಗಲೂ ಜೀವಂತವಾಗಿದ್ದಾರೆ. ಯೇಸುವನ್ನು ನಂಬುವವರ ಪಾಪವನ್ನು ದೇವರು ಕ್ಷಮಿಸಿ ಅವರನ್ನು ತಮ್ಮ ಮಕ್ಕಳಾಗಿ ಮಾಡಿಕೊಳ್ಳುತ್ತಾರೆ."

ನಿಧಾನವಾಗಿ ಹೇಳಿದರೂ ಒಂದು ನಿಮಿಷ ಹಿಡಿಯುವುದಿಲ್ಲ. ಅಂದಿನ ಕತೆ ಯಾವುದೇ ಇರಲಿ, ಈ ಒಂದು ನಿಮಿಷ ಐದೂ ದಿನ ಬರಬೇಕು. ಸುವಾರ್ತೆಯನ್ನೆಲ್ಲ ಕೊನೆಯ ದಿನಕ್ಕೆ ಕಟ್ಟಿಡುವುದು ಬಹಳ ಕಡೆ ಆಗುವ ಯಡವಟ್ಟು. ಐದೂ ದಿನ ತಪ್ಪದೆ ಬರುವ ಮಕ್ಕಳು ಕಡಿಮೆ. ಕೊನೆಯ ದಿನವಂತೂ ಕಾರ್ಯಕ್ರಮದ ತಯಾರಿ, ಹಾಡಿನ ಅಭ್ಯಾಸ, ಫೋಟೋ ಎಂದು ಪಾಠದ 20 ನಿಮಿಷ ಎಂಟಕ್ಕೆ ಇಳಿದಿರುತ್ತದೆ. 1898ರಲ್ಲಿ ನ್ಯೂಯಾರ್ಕಿನಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ಇಂಥ ಬೇಸಿಗೆ ಶಾಲೆ ತೆರೆದಾಗ ಅದು ವಾರಗಟ್ಟಲೆ ನಡೆಯುತ್ತಿತ್ತು. ನಮ್ಮದು ಐದೇ ದಿನ. ಅಷ್ಟು ಪುರುಸೊತ್ತು ನಮಗಿಲ್ಲ.

ಐದು ದಿನಕ್ಕೆ ಕತೆಗಳ ಸಾಲು ಹೀಗಿರಲಿ. ಮೊದಲ ದಿನ ಆದಿಕಾಂಡ 1, ಸೃಷ್ಟಿ. ಎರಡನೆಯ ದಿನ ಆದಿಕಾಂಡ 3, ಮರಗಳ ನಡುವೆ ಅಡಗಿಕೊಂಡ ಆದಾಮ ಹವ್ವರನ್ನು "ಎಲ್ಲಿದ್ದೀ?" ಎಂದು ಹುಡುಕಿಕೊಂಡು ಬರುವ ದೇವರು. ಮೂರನೆಯ ದಿನ ಮಾರ್ಕ 2, ಮಾಳಿಗೆ ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿ. ನಾಲ್ಕನೆಯ ದಿನ ಶಿಲುಬೆ ಮತ್ತು ಪುನರುತ್ಥಾನ, ಅಂದರೆ ಯೇಸು ಸತ್ತು ಮತ್ತೆ ಎದ್ದದ್ದು. ಐದನೆಯ ದಿನ ಲೂಕ 19, ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನು ಜಕ್ಕಾಯ. ಶಿಲುಬೆಯನ್ನೂ ಪುನರುತ್ಥಾನವನ್ನೂ ಎರಡು ದಿನಕ್ಕೆ ಹಂಚಬೇಡಿ. ಕುತೂಹಲಕ್ಕೆ ಚೆನ್ನಾಗಿರುತ್ತದೆ ನಿಜ, ಆದರೆ ಮರುದಿನ ಬಾರದ ಮಗು ಸತ್ತ ಯೇಸುವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೇಸಿಗೆ ಕಳೆಯುತ್ತದೆ.

20 ನಿಮಿಷದಲ್ಲಿ ಎರಡು ನಿಮಿಷ ನಿನ್ನೆಯ ಪಾಠ, ಒಂಬತ್ತು ಹತ್ತು ನಿಮಿಷ ಕತೆ, ಮೂರು ನಿಮಿಷ ಕತೆಯಿಂದ ಸುವಾರ್ತೆಗೆ ಸೇತುವೆ (ಆ ಒಂದು ನಿಮಿಷ ಇದರೊಳಗೇ ಸೇರಿದೆ), ಉಳಿದದ್ದು ಪ್ರಶ್ನೆಗಳಿಗೆ. ಸಾಧ್ಯವಿದ್ದರೆ ಅರವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಬೇಡಿ. ಆರು ಏಳು ವರ್ಷದವರಿಗೆ ಕತೆ ಏಳು ನಿಮಿಷ ದಾಟಿದರೆ ಚಪ್ಪಲಿ, ಜಡೆ, ಪಕ್ಕದವನ ಬೆನ್ನು ಎಲ್ಲವೂ ಆಟದ ಸಾಮಾನು. ಹತ್ತು ದಾಟಿದವರಿಗೆ ಅದೇ ಕತೆಯನ್ನು ಮುದ್ದುದನಿಯಲ್ಲಿ ಹೇಳಿದರೆ ಅವಮಾನ ಅನ್ನಿಸುತ್ತದೆ. ಕತೆ ಎಲ್ಲರಿಗೂ ಒಟ್ಟಿಗೇ ಆಗಬೇಕೆಂದಿದ್ದರೆ ಪ್ರಶ್ನೆಯ ಭಾಗವನ್ನಾದರೂ ಆರೆಂಟು ಮಕ್ಕಳ ಗುಂಪುಗಳಾಗಿ ಒಡೆಯಿರಿ. ಕತೆ ಹೇಳುವಾಗ ಪುಸ್ತಕ ಕೈಯಲ್ಲಿ ತೆರೆದಿರಲಿ, ಒಂದೆರಡು ವಾಕ್ಯವನ್ನು ಅದರಿಂದಲೇ ಓದಿ. ಕೈಯಲ್ಲಿ ಬರೀ ಗೊಂಬೆ ಹಿಡಿದು ಹೇಳಿದರೆ ನಿನ್ನೆ ಹೇಳಿದ ಮೊಲದ ಕತೆಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಮಾರ್ಕ 2ನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪಾಪ ಎಂಬ ವಿಷಯವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಕತೆ ಸಿಗುವುದು ಕಷ್ಟ. ಕಪೆರ್ನೌಮಿನ ಆ ಮನೆ ಗಿಜಿಗಿಜಿ, ಬಾಗಿಲ ಬಳಿ ಕಾಲಿಡಲೂ ಜಾಗವಿಲ್ಲ. ನಾಲ್ವರು ಹೊತ್ತು ತಂದವನನ್ನು ಮಾಳಿಗೆ ಬಿಚ್ಚಿ ಹಾಸಿಗೆ ಸಮೇತ ಇಳಿಸುತ್ತಾರೆ. ಇಲ್ಲಿಯವರೆಗೆ ಮಕ್ಕಳೇ ಕತೆಯನ್ನು ಎಳೆದುಕೊಂಡು ಹೋಗುತ್ತಾರೆ. ಈಗ ನಿಲ್ಲಿಸಿ, ಕೇಳಿ: "ಇವನಿಗೆ ಏನು ಬೇಕಾಗಿದೆ?" "ಕಾಲು!" "ನಡೆಯೋಕೆ ಆಗ್ಬೇಕು!" ಎನ್ನುತ್ತಾರೆ. "ಸರಿ, ಯೇಸು ಮೊದಲು ಏನು ಹೇಳಿದರು, ಕೇಳಿ" ಎಂದು ಐದನೆಯ ವಚನ ಓದಿ: "ಮಗನೇ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ." ಓದಿ ಸುಮ್ಮನಿರಿ. ಮಕ್ಕಳ ಮುಖದಲ್ಲಿ "ಇದೇನಿದು?" ಎಂಬ ಭಾವ ಬರಲಿ. ಆಮೇಲೆ ಕೇಳಿ: "ಕಾಲಿಗಿಂತ ಮೊದಲು ಇದನ್ನು ಯಾಕೆ ಕೊಟ್ಟರು?" ಉತ್ತರವನ್ನು ತಕ್ಷಣ ನೀವೇ ಹೇಳಿಬಿಡಬೇಡಿ. ಒಳಗಿನ ದೊಡ್ಡ ತೊಂದರೆ, ಹೊರಗಿನ ಸಣ್ಣ ತೊಂದರೆ ಎಂಬ ಕಡೆಗೆ ಯಾರಾದರೂ ಒಬ್ಬರು ಬಂದೇ ಬರುತ್ತಾರೆ. ಬಾರದಿದ್ದರೆ ಹತ್ತನೆಯ ವಚನಕ್ಕೆ ಹೋಗಿ: ಪಾಪಗಳನ್ನು ಕ್ಷಮಿಸುವ ಅಧಿಕಾರ ತನಗುಂಟು ಎಂದು ತೋರಿಸಲೆಂದೇ ಯೇಸು ಅವನನ್ನು ಎಬ್ಬಿಸಿ ನಡೆಸುತ್ತಾರೆ.

ಈ ಕತೆಯಲ್ಲೊಂದು ಹಳ್ಳವೂ ಇದೆ. "ಪಾಪ ಮಾಡಿದ್ದಕ್ಕೆ ಅವನಿಗೆ ಕಾಯಿಲೆ ಬಂತು" ಎಂದು ಮಗು ತಾನಾಗಿಯೇ ಅರ್ಥ ಕಟ್ಟಿಕೊಳ್ಳುತ್ತದೆ. ತರಗತಿಯಲ್ಲಿ ಅಂಗವೈಕಲ್ಯವಿರುವ ಮಗು ಇರಬಹುದು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇರಬಹುದು. ಹಾಗಾಗಿ ಕೇಳದಿದ್ದರೂ ಒಂದು ಮಾತು ಸೇರಿಸಿ: ಕಾಯಿಲೆ ಬಂತೆಂದರೆ ಆ ಮನುಷ್ಯ ಕೆಟ್ಟದ್ದು ಮಾಡಿದ್ದಾನೆ ಎಂದಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಹಾಗೆ ಕೇಳಿದಾಗ ಯೇಸು ನೇರವಾಗಿ ಅಲ್ಲಗಳೆದದ್ದು ಯೋಹಾನ 9:3ರಲ್ಲಿದೆ.

ಪಾಪವನ್ನು ವಿವರಿಸುವಾಗ "ಅಮ್ಮನ ಮಾತು ಕೇಳದಿರುವುದು, ಹೋಮ್‌ವರ್ಕ್ ಮಾಡದಿರುವುದು" ಎಂದು ಪಟ್ಟಿ ಕೊಟ್ಟು ನಿಲ್ಲಿಸುವುದು ಅಪಾಯ. ಮಗುವಿನ ಲೆಕ್ಕ ಸರಳ: ಪಾಪ ಎಂದರೆ ತುಂಟತನ, ಹಾಗಾದರೆ ರಕ್ಷಣೆ ಎಂದರೆ ತುಂಟತನ ಬಿಡುವುದು. ಇಡೀ ವಾರ ಕಲಿಸಿ ಕೊನೆಗೆ "ಆದ್ದರಿಂದ ಮಕ್ಕಳೇ, ನಾವೆಲ್ಲ ಒಳ್ಳೆಯ ಮಕ್ಕಳಾಗೋಣ" ಎಂದು ಮುಗಿಸಿದರೆ ನೀವು ಹೇಳಿದ್ದು ಸುವಾರ್ತೆಯೇ ಅಲ್ಲ, ನೀತಿಪಾಠ. ಅದನ್ನು ಹೇಳಲು ಶಿಲುಬೆಯ ಅಗತ್ಯವೇ ಇರಲಿಲ್ಲ. ಸುಳ್ಳು, ತಂಗಿಯ ಮೇಲೆ ತಪ್ಪು ಹೊರಿಸುವುದು ಇಂಥ ಉದಾಹರಣೆ ಕೊಡಿ, ಆದರೆ ಅದರ ಹಿಂದಿರುವ "ದೇವರು ಹೇಳಿದ್ದು ನನಗೆ ಬೇಡ, ನನಗೆ ಬೇಕಾದ್ದೇ ನನಗೆ" ಎಂಬ ಮನಸ್ಸನ್ನೂ ತೋರಿಸಿ. ರೋಮಾಪುರದವರಿಗೆ 3:23ರ "ಎಲ್ಲರೂ ಪಾಪಮಾಡಿ" ಎಂಬಲ್ಲಿ "ಟೀಚರೂ ಸೇರಿ" ಎಂದು ನೀವೇ ಹೇಳಿ. ಮಕ್ಕಳಿಂದ ಎಲ್ಲರೆದುರು ತಪ್ಪೊಪ್ಪಿಸುವ ಚಟುವಟಿಕೆ ಮಾತ್ರ ಬೇಡವೇ ಬೇಡ. ಚೀಟಿಯಲ್ಲಿ ಪಾಪ ಬರೆಸಿ ಸುಡುವ ಪ್ರಯೋಗವಿದ್ದರೆ ಆ ಚೀಟಿಯನ್ನು ಯಾವ ಸಹಾಯಕರೂ ಓದುವಂತಿಲ್ಲ.

ಜಕ್ಕಾಯನ ಕತೆಯಲ್ಲೂ ಇದೇ ಜಾರುಬಂಡೆ. ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಟ್ಟ, ತನ್ನಿಂದ ಮೋಸಹೋದವರಿಗೆ ನಾಲ್ಕರಷ್ಟು ತಿರುಗಿಸಿದ, ಆಮೇಲೆ ಯೇಸು ಅವನನ್ನು ಮೆಚ್ಚಿದರು ಎಂದು ಹಿಂದುಮುಂದಾಗಿ ಹೇಳುವವರಿದ್ದಾರೆ. ಲೂಕನ ಅನುಕ್ರಮ ನೋಡಿ: ಜಕ್ಕಾಯ ಇನ್ನೂ ಮರದ ಮೇಲಿರುವಾಗಲೇ, ಒಂದು ಕಾಸೂ ತಿರುಗಿಸದಿರುವಾಗಲೇ, "ಈಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು" ಎಂದು ಯೇಸು ಕರೆಯುತ್ತಾರೆ. ಬದಲಾವಣೆ ಬಂದದ್ದು ಆಮೇಲೆ. ಐದನೆಯ ದಿನ ಪ್ರಶ್ನೆಯ ಹೊತ್ತಿನಲ್ಲಿ "ಮೊದಲು ಯಾವುದಾಯಿತು, ಆಮೇಲೆ ಯಾವುದು?" ಎಂದು ನಾಲ್ಕು ಚಿತ್ರಗಳನ್ನು ಕೊಟ್ಟು ಜೋಡಿಸಲು ಹೇಳಿ. ಚಿತ್ರ ಜೋಡಿಸುವಾಗಲೇ ಮಗುವಿಗೆ ಎಷ್ಟು ತಲುಪಿದೆ ಎಂದು ಗೊತ್ತಾಗಿಬಿಡುತ್ತದೆ.

ಶಿಲುಬೆಯ ದಿನಕ್ಕೆ ಹೆಚ್ಚು ತಯಾರಿ ಬೇಕು. "ನಮಗೋಸ್ಕರ ಸತ್ತರು" ಎಂಬಲ್ಲಿ "ನಮಗೋಸ್ಕರ" ಎಂದರೇನು ಎಂಬುದೇ ಮಕ್ಕಳಿಗೆ ತೊಡಕು. ಇದನ್ನು ಬಿಡಿಸಲು ಹೊರಗಿನ ಕತೆಗಳಿಗೆ ಕೈಹಾಕುವವರು ಹೆಚ್ಚು. ರೈಲು ಉಳಿಸಲು ಸೇತುವೆಯ ಕಾವಲುಗಾರ ತನ್ನ ಮಗನನ್ನೇ ಬಲಿಕೊಟ್ಟ ಎಂಬ ಕತೆಯನ್ನಂತೂ ದಯವಿಟ್ಟು ಕೈಬಿಡಿ. ಅದರಲ್ಲಿ ಮಗನಿಗೆ ಏನೂ ಗೊತ್ತಿಲ್ಲ, ಅವನ ಒಪ್ಪಿಗೆಯೂ ಇಲ್ಲ; ಅಪ್ಪ ಯಂತ್ರ ತಿರುಗಿಸುತ್ತಾನೆ, ಮಗ ಸಾಯುತ್ತಾನೆ. ಕೇಳಿದ ಮಗುವಿಗೆ ಉಳಿಯುವುದು ಅಪ್ಪನ ಭಯ. ಯೋಹಾನ 10:18ರಲ್ಲಿ ಯೇಸು ಹೇಳುವುದು ತದ್ವಿರುದ್ಧ: ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ. ಸತ್ಯವೇದದೊಳಗೇ ಬರಬ್ಬನಿದ್ದಾನಲ್ಲ. ಮಾರ್ಕ 15ರಲ್ಲಿ ದಂಗೆಯೆದ್ದು ಕೊಲೆ ಮಾಡಿದವರ ಜೊತೆ ಸೆರೆಯಲ್ಲಿದ್ದವನು ಬಿಡುಗಡೆಯಾಗಿ ಹೋಗುತ್ತಾನೆ, ಏನೂ ಮಾಡದ ಯೇಸು ಶಿಲುಬೆಗೆ ಹೋಗುತ್ತಾರೆ. "ಬರಬ್ಬ ಆ ದಿನ ಎಲ್ಲಿರಬೇಕಿತ್ತು? ಅವನ ಜಾಗದಲ್ಲಿ ಯಾರಿದ್ದರು?" ಏಳು ವರ್ಷದ ಮಗು ಕೂಡ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿಂದ "ನನ್ನ ಜಾಗದಲ್ಲಿ" ಎನ್ನುವುದಕ್ಕೆ ಒಂದೇ ಹೆಜ್ಜೆ.

ಮೊಳೆ, ರಕ್ತ, ಕೊರಡೆಯ ವರ್ಣನೆಗೆ ಇಳಿಯಬೇಡಿ. ಸುವಾರ್ತೆಗಳೇ ಆ ಭಾಗವನ್ನು "ಆತನನ್ನು ಶಿಲುಬೆಗೆ ಹಾಕಿದರು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ; ನಮಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಪುನರುತ್ಥಾನಕ್ಕೆ ಮಾತ್ರ ಹೊತ್ತು ಕೊಡಿ, ಸಾಮಾನ್ಯವಾಗಿ ಆಗುವುದು ಉಲ್ಟಾ. ಲೂಕ 24ರಲ್ಲಿ ಶಿಷ್ಯರು ಹೆದರಿ ಭೂತ ಎಂದುಕೊಂಡಾಗ ಯೇಸು ಕೈಕಾಲು ತೋರಿಸಿ, "ಮುಟ್ಟಿ ನೋಡಿ" ಎಂದು, ಅವರೆದುರೇ ಸುಟ್ಟ ಮೀನಿನ ತುಂಡು ತಿನ್ನುತ್ತಾರೆ. ಮಕ್ಕಳಿಗೆ ಈ ಮೀನು ಮರೆಯುವುದಿಲ್ಲ. ಭೂತ ಮೀನು ತಿನ್ನುವುದಿಲ್ಲ ಎಂಬ ತರ್ಕ ಅವರಿಗೆ ಪೂರ್ತಿ ಒಪ್ಪಿಗೆ.

ನರಕದ ಪ್ರಶ್ನೆ ಬರುತ್ತದೆ. ಕೇಳಿದರೆ ಮುಚ್ಚಿಡಬೇಡಿ, ಕೇಳದಿದ್ದರೆ ಬೆಂಕಿಯ ಚಿತ್ರ ತೋರಿಸಿ ಹೆದರಿಸಬೇಡಿ. "ದೇವರಿಂದ ಎಂದೆಂದಿಗೂ ದೂರವಾಗಿರುವುದು, ಹಾಗಾಗಬಾರದೆಂದೇ ಯೇಸು ಬಂದರು" ಎಂಬುದು ಚಿಕ್ಕವರಿಗೆ ಸಾಕು. ಭಯದಿಂದ ಬರುವ ಪ್ರಾರ್ಥನೆಗೆ ಆಯುಸ್ಸು ಆ ರಾತ್ರಿಯವರೆಗೆ ಮಾತ್ರ. ಇನ್ನೂ ಕಷ್ಟದ ಪ್ರಶ್ನೆ: "ನಮ್ಮಜ್ಜ ಯೇಸುವನ್ನು ನಂಬಿರಲಿಲ್ಲ, ಸತ್ತುಹೋದರು. ಅವರೀಗ ಎಲ್ಲಿದ್ದಾರೆ?" ಇದಕ್ಕೆ ದೇವತಾಶಾಸ್ತ್ರದ ಪಾಠ ಬೇಡ, ಸುಳ್ಳು ಸಮಾಧಾನವೂ ಬೇಡ. "ಅಜ್ಜನ ಬಗ್ಗೆ ತೀರ್ಪು ಹೇಳುವವಳು ನಾನಲ್ಲ. ದೇವರು ಎಂದೂ ಅನ್ಯಾಯ ಮಾಡುವುದಿಲ್ಲ ಎಂಬುದು ನನಗೆ ಗೊತ್ತು. ಅಜ್ಜ ನೆನಪಾಗುತ್ತಾರಾ?" ಎನ್ನಿ. ಆದಿಕಾಂಡ 18:25ರಲ್ಲಿ ಅಬ್ರಹಾಮನೂ ಈ ನಂಬಿಕೆಯ ಮೇಲೆಯೇ ನಿಲ್ಲುತ್ತಾನೆ. ಆಮೇಲೆ ಮಗು ಮಾತಾಡಲಿ, ನೀವು ಕೇಳಿ.

ವಸ್ತುಪಾಠಗಳ ಬಗ್ಗೆ ನನಗೆ ಅರೆಮನಸ್ಸು. ಪಾಪ ತೊಳೆದುಹೋಗುವುದನ್ನು ತೋರಿಸಲು ಬಣ್ಣ ಮಾಯವಾಗುವ ನೀರಿನ ಪ್ರಯೋಗ ಬಹಳ ಕಡೆ ಮಾಡುತ್ತಾರೆ. ಮಾಡುವುದೇ ಆದರೆ ಬ್ಲೀಚ್ ಬೇಡ. 200 ಮಿಲಿ ನೀರಿಗೆ ಆರೇಳು ಹನಿ ಅಯೋಡಿನ್ ಟಿಂಕ್ಚರ್ ಹಾಕಿದರೆ ಕಂದು ಬಣ್ಣ ಬರುತ್ತದೆ, 500 ಮಿಲಿಗ್ರಾಂನ ಒಂದು ವಿಟಮಿನ್ ಸಿ ಮಾತ್ರೆಯನ್ನು ಪುಡಿಮಾಡಿ ಸ್ವಲ್ಪ ನೀರಿನಲ್ಲಿ ಕರಗಿಸಿ ಸುರಿದರೆ ಬಣ್ಣ ಹೋಗುತ್ತದೆ. ಅಯೋಡಿನ್ ಬಣ್ಣವಿಲ್ಲದ ಅಯೊಡೈಡ್ ಆಗಿ ಬದಲಾಗುವುದೇ ಕಾರಣ. ಲೋಟ ಮಕ್ಕಳ ಕೈಗೆ ಸಿಗದಿರಲಿ, ಹಿಂದಿನ ದಿನ ಒಮ್ಮೆ ಮಾಡಿ ನೋಡಿ. ಮಾತ್ರೆ ಬಣ್ಣದ್ದಾಗಿದ್ದರೆ ನೀರು ತಿಳಿಯಾಗುವ ಬದಲು ಕಿತ್ತಳೆಯಾಗಿ ನಿಂತುಬಿಡುತ್ತದೆ. ಆದರೆ ಮನೆಗೆ ಹೋದ ಮಗು ಹೇಳುವುದು "ಟೀಚರ್ ಮ್ಯಾಜಿಕ್ ಮಾಡಿದರು" ಎಂದು. ಎಂಟೊಂಬತ್ತು ವರ್ಷದೊಳಗಿನವರಿಗೆ ಸಂಕೇತ ದಾಟಿ ಅರ್ಥಕ್ಕೆ ಹೋಗುವುದು ಸುಲಭವಲ್ಲ. ಅವರಿಗೆ ನೀರು ನೀರೇ. ಹತ್ತು ದಾಟಿದವರಿಗೆ ಮಾಡಿ, ಚಿಕ್ಕವರಿಗೆ ಬಿಡಿ. ತ್ರಿಯೇಕತ್ವಕ್ಕೆ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಬೋಧನೆಗೆ) ನೀರು, ಮಂಜುಗಡ್ಡೆ, ಆವಿಯ ಹೋಲಿಕೆ ಯಾರಿಗೂ ಬೇಡ. ಒಂದೇ ವಸ್ತು ವೇಷ ಬದಲಿಸುತ್ತದೆ ಎಂದು ಅದು ಕಲಿಸುತ್ತದೆ, ಅದು ಸಭೆ ಬಹಳ ಹಿಂದೆಯೇ ತಳ್ಳಿಹಾಕಿದ ಬೋಧನೆ.

ಬಣ್ಣದ ಪುಟಗಳ, ಅಕ್ಷರವಿಲ್ಲದ ಪುಸ್ತಕ ನಿಮ್ಮಲ್ಲೂ ಇರಬಹುದು. 1866ರಲ್ಲಿ ಲಂಡನ್ನಿನ ಬೋಧಕ ಚಾರ್ಲ್ಸ್ ಸ್ಪರ್ಜನ್ ಕಪ್ಪು (ಪಾಪ), ಕೆಂಪು (ಯೇಸುವಿನ ರಕ್ತ), ಬಿಳಿ (ಶುದ್ಧತೆ) ಎಂಬ ಮೂರೇ ಪುಟಗಳ ಬಗ್ಗೆ ಪ್ರಸಂಗ ಮಾಡಿದರು, 1875ರಲ್ಲಿ ಅಮೆರಿಕದ ಬೋಧಕ ಡಿ. ಎಲ್. ಮೂಡಿ ಚಿನ್ನದ ಬಣ್ಣ ಸೇರಿಸಿದರು, ಹಸಿರು ಬಂದದ್ದು ಇನ್ನೂ ನಂತರ. ಉಪಯುಕ್ತ ಸಾಧನವೇ, ನೆನಪಿಗೆ ಕೊಂಡಿಯಾಗುತ್ತದೆ. ಎರಡು ತಿದ್ದುಪಡಿ ಮಾಡಿಕೊಳ್ಳಿ. ಚಿನ್ನದಿಂದ, ಅಂದರೆ ದೇವರಿಂದ ಶುರುಮಾಡಿ, ಪಾಪದಿಂದ ಅಲ್ಲ. ಇನ್ನು ಪಾಪದ ಪುಟವನ್ನು "ಕಪ್ಪು" ಎಂದು ಕರೆಯಬೇಡಿ. ಮೈಬಣ್ಣಕ್ಕಾಗಿ ಈಗಾಗಲೇ ಮಾತು ಕೇಳಿರುವ ಮಗು ಅದನ್ನು ತನ್ನ ಮೈಗೇ ಹಚ್ಚಿಕೊಳ್ಳುತ್ತದೆ, ಬಿಳಿ ಎಂದರೆ ಶುದ್ಧ ಎಂದಾಗ ಗಾಯ ಇನ್ನೂ ಆಳವಾಗುತ್ತದೆ. "ಕತ್ತಲೆಯ ಪುಟ" ಎನ್ನಿ, ಬಿಳಿಗೆ "ತೊಳೆದ ಪುಟ" ಎನ್ನಿ.

ಸಭೆಯ ಒಳಮಾತುಗಳನ್ನೂ ಒಮ್ಮೆ ಜರಡಿ ಹಿಡಿಯಬೇಕು. "ಯೇಸುವನ್ನು ಹೃದಯದಲ್ಲಿ ಸೇರಿಸಿಕೋ" ಎಂದರೆ ಆರು ವರ್ಷದ ಮಗು ಎದೆ ಮುಟ್ಟಿಕೊಂಡು "ಅಷ್ಟು ದೊಡ್ಡವರು ಹೇಗೆ ಹಿಡಿಸುತ್ತಾರೆ?" ಎಂದು ಯೋಚಿಸುತ್ತದೆ. ಅಲ್ಲದೆ ಅದಕ್ಕೆ ಆಧಾರವಾಗಿ ಎತ್ತಿಕೊಳ್ಳುವ ಪ್ರಕಟನೆ 3:20 ಆಗಲೇ ಇದ್ದ ಲವೊದಿಕೀಯದ ಸಭೆಗೆ ಬರೆದ ಮಾತು. ಅದರ ಬದಲು ಅಪೊಸ್ತಲರ ಕೃತ್ಯಗಳು 16:31ರಂತೆ "ಯೇಸುವಿನ ಮೇಲೆ ನಂಬಿಕೆಯಿಡು" ಎನ್ನಿ, ನಂಬುವುದೆಂದರೆ ಅವರು ನನಗಾಗಿ ಮಾಡಿದ್ದು ಸಾಕು ಎಂದು ಅವರ ಮೇಲೆಯೇ ಭಾರ ಹಾಕುವುದು ಎಂದು ಬಿಡಿಸಿ ಹೇಳಿ. "ರಕ್ತದಿಂದ ತೊಳೆಯಲ್ಪಟ್ಟ", "ಕುರಿಮರಿ", "ಮಾನಸಾಂತರ" ಇವು ಹಾಡಿನಲ್ಲಿ ಬಂದರೆ ಹಾಡುವ ಮೊದಲೇ ಒಂದು ವಾಕ್ಯದ ವಿವರಣೆ ಸಾಕು.

ಕಂಠಪಾಠಕ್ಕೆ ಐದು ದಿನಕ್ಕೆ ಐದು ವಚನ ಕೊಡುವ ರೂಢಿಯಿದೆ. ಎರಡು ಸಾಕು. ಯೋಹಾನ 3:16 ಉದ್ದವಾಯಿತು ಎನ್ನಿಸಿದರೆ ಚಿಕ್ಕವರಿಗೆ "ದೇವರು ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟು ತನ್ನ ಒಬ್ಬನೇ ಮಗನನ್ನು ಕೊಟ್ಟನು" ಎಂಬಲ್ಲಿಗೆ ನಿಲ್ಲಿಸಿ. ಬೋರ್ಡಿನ ಮೇಲೆ ಬರೆದು ಪ್ರತಿ ಸಲ ಒಂದೊಂದು ಪದ ಅಳಿಸುತ್ತಾ ಹೇಳಿಸುವ ಹಳೆಯ ಉಪಾಯ ಈಗಲೂ ಕೆಲಸ ಮಾಡುತ್ತದೆ. ಹೇಳಿಸಿದ ಮೇಲೆ "ಇದನ್ನೇ ನಿನ್ನ ತಮ್ಮನಿಗೆ ಹೇಳುವ ಹಾಗೆ ಹೇಳು" ಎಂದು ಕೇಳಿ. ಬಹುಮಾನವನ್ನು ವಚನಕ್ಕೆ ಕಟ್ಟಿದರೆ ಬಹುಮಾನ ಸಿಕ್ಕ ಸಂಜೆಯೇ ವಚನ ಹಾರಿಹೋಗುತ್ತದೆ.

ಈಗ ಕರೆ ಕೊಡುವ ವಿಷಯ. ಕಣ್ಣು ಮುಚ್ಚಿಸಿ ಮೆಲುದನಿಯ ಸಂಗೀತ ಹಾಕಿ ಕೈ ಎತ್ತಿಸುವುದನ್ನು ಬಿಡಿ. ಮೂರನೆಯ ದಿನದಿಂದ ಪ್ರತಿದಿನ ಪಾಠದ ಕೊನೆಗೆ ಸಾದಾ ದನಿಯಲ್ಲಿ ಹೇಳಿ: "ಇದರ ಬಗ್ಗೆ ಇನ್ನೂ ಮಾತಾಡಬೇಕು, ಏನಾದರೂ ಕೇಳಬೇಕು ಅನ್ನಿಸಿದವರು ಆಟದ ಹೊತ್ತಿನಲ್ಲಿ ಆ ಕಿಟಕಿ ಪಕ್ಕದ ಬೆಂಚಿಗೆ ಬನ್ನಿ. ಬಾರದಿದ್ದರೂ ಪರವಾಗಿಲ್ಲ." ಆಟ ಬಿಟ್ಟು ಬರಬೇಕು ಎಂಬುದೇ ಮುಖ್ಯ, ಗುಂಪಿನ ಒತ್ತಡ ಅಲ್ಲಿಗೆ ಕಳಚುತ್ತದೆ. ಬೆಂಚು ಎಲ್ಲರಿಗೂ ಕಾಣುವ ಜಾಗದಲ್ಲಿರಲಿ, ಇಬ್ಬರು ದೊಡ್ಡವರಿರಲಿ. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಒಂದು ಮಗುವಿನ ಜೊತೆ ಎಂದೂ ಕೂರಬಾರದು.

ಬಂದ ಮಗುವಿಗೆ ಮೊದಲ ಪ್ರಶ್ನೆ: "ಏನು ಮಾತಾಡೋಣ ಅಂತ ಬಂದೆ?" "ಯೇಸುವನ್ನು ನಂಬಲು ಬಂದೆಯಾ?" ಎಂದು ನೀವೇ ಉತ್ತರವನ್ನು ಬಾಯಿಗಿಡಬೇಡಿ. ಒಬ್ಬ ಹುಡುಗ ಗೆಳೆಯನ ಜೊತೆಗೆ ಸುಮ್ಮನೆ ಬಂದಿರುತ್ತಾನೆ. ಒಬ್ಬಳಿಗೆ ರಾತ್ರಿ ಕತ್ತಲೆಯ ಭಯ. ಇನ್ನೊಬ್ಬಳು ಮನೆಯಲ್ಲಿ ಅಪ್ಪ ಹೊಡೆಯುವುದನ್ನು ಹೇಳಲು ಬಂದಿರಬಹುದು. ಅಂಥ ಹೊತ್ತಿನಲ್ಲಿ "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ, ಬಿಡಿಸಿ ಬಿಡಿಸಿ ವಿಚಾರಣೆಯನ್ನೂ ಮಾಡಬೇಡಿ. ಕೇಳಿಸಿಕೊಂಡು, ಅವಳ ಮಾತಿನಲ್ಲೇ ಬರೆದಿಟ್ಟು, ಮಕ್ಕಳ ಸುರಕ್ಷೆಯ ಹೊಣೆ ಹೊತ್ತವರಿಗೆ ಅಂದೇ ತಿಳಿಸಿ. ನಿಜವಾಗಿಯೂ ಯೇಸುವಿನ ಬಗ್ಗೆ ಕೇಳಲು ಬಂದ ಮಗುವಿಗೆ "ಯೇಸು ಏನು ಮಾಡಿದರು, ನಿನ್ನ ಮಾತಲ್ಲಿ ಹೇಳು", "ಅದು ನಿನಗೆ ಯಾಕೆ ಬೇಕು ಅನ್ನಿಸಿತು?" ಎಂದು ಕೇಳಿ. ತಿಳಿದಿದೆ ಎನ್ನಿಸಿದರೆ ಅದೇ ತನ್ನ ಮಾತಿನಲ್ಲಿ ದೇವರ ಹತ್ತಿರ ಮಾತಾಡಲಿ. ನೀವು ಹೇಳಿಕೊಟ್ಟದ್ದನ್ನು ತಿರುಗಿ ಹೇಳುವ ಪ್ರಾರ್ಥನೆಗಿಂತ ತಡವರಿಸುವ ಎರಡು ವಾಕ್ಯ ಮೇಲು. ಇನ್ನೂ ಮಬ್ಬಾಗಿದ್ದರೆ "ನಾಳೆಯೂ ಮಾತಾಡೋಣ" ಎನ್ನಿ, ಅವಸರವಿಲ್ಲ.

"ಇವತ್ತಿಗೆ ನೀನು ರಕ್ಷಣೆ ಹೊಂದಿದೆ, ಇನ್ನು ಅನುಮಾನ ಬೇಡ" ಎಂದು ನೀವು ಪ್ರಮಾಣಪತ್ರ ಕೊಡಬೇಡಿ. ಯೋಹಾನನ ಮೊದಲನೆಯ ಪತ್ರಿಕೆ 1:9ನ್ನು ಓದಿಸಿ, ದೇವರೇ ಕೊಟ್ಟ ಮಾತು ಏನೆಂದು ಮಗುವೇ ಹೇಳಲಿ. ಪ್ರತಿ ವರ್ಷ ಮತ್ತೆ ಮತ್ತೆ ಯೇಸುವನ್ನು "ಸೇರಿಸಿಕೊಳ್ಳುವ" ಸಭೆಯ ಮಕ್ಕಳಿಗೂ ಇದೇ ಮದ್ದು: ತಪ್ಪು ಮಾಡಿದಾಗ ಹೊಸದಾಗಿ ಶುರುಮಾಡಬೇಕಿಲ್ಲ, ಮಗನಾಗಿಯೇ ಬಂದು ಕ್ಷಮೆ ಕೇಳಬಹುದು.

ಕ್ರೈಸ್ತರಲ್ಲದ ಮನೆಯ ಮಕ್ಕಳ ವಿಷಯದಲ್ಲಿ ನೇರವಾಗಿರುವುದೇ ಸರಿಯಾದ ದಾರಿ. ನೋಂದಣಿ ಪತ್ರದಲ್ಲಿ "ಕರಕುಶಲ, ಆಟ, ಹಾಡು" ಎಂದಷ್ಟೇ ಬರೆದು ಸತ್ಯವೇದ ಪಾಠವನ್ನು ಮರೆಮಾಡುವುದು ಮೋಸ. "ಯೇಸುವಿನ ಬಗ್ಗೆ ಪ್ರತಿದಿನ ಕಲಿಸುತ್ತೇವೆ" ಎಂದು ಸ್ಪಷ್ಟವಾಗಿ ಬರೆದು ತಂದೆತಾಯಿಯ ಸಹಿ ಪಡೆಯಿರಿ, ಯಾವಾಗ ಬೇಕಾದರೂ ಬಂದು ಹಿಂದೆ ಕೂತು ಕೇಳಬಹುದು ಎಂದೂ ಬರೆಯಿರಿ. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಎಂದು ಸಭೆಯ ಹಿರಿಯರು ಮೊದಲೇ ತಿಳಿದುಕೊಂಡಿರಲಿ. ಆ ಮನೆಯ ಪೂಜೆಯನ್ನಾಗಲಿ ದೇವರನ್ನಾಗಲಿ ಹೀನಾಯವಾಗಿ ಮಾತಾಡಬೇಡಿ, ಉಡುಗೊರೆಯನ್ನು ನಂಬಿಕೆಗೆ ಕಟ್ಟಬೇಡಿ, ದೀಕ್ಷಾಸ್ನಾನದ ಮಾತನ್ನು ಮಗುವಿನ ಹತ್ತಿರ ಎತ್ತಲೇಬೇಡಿ. "ಮನೆಯಲ್ಲಿ ಹೇಳಬೇಡ" ಎಂಬ ಮಾತು ಯಾವ ಸಹಾಯಕರ ಬಾಯಿಂದಲೂ ಬರಕೂಡದು. ಅಂಥ ಮಗು "ನಾನೂ ನಂಬುತ್ತೇನೆ" ಎಂದರೆ "ನೀನು ಯೇಸುವಿನ ಜೊತೆ ಮಾತಾಡಬಹುದು. ಅಪ್ಪ ಅಮ್ಮನಿಗೆ ಮರ್ಯಾದೆ ಕೊಡಬೇಕು ಅಂತಲೂ ದೇವರೇ ಹೇಳಿದ್ದಾರೆ, ಇವತ್ತು ಏನು ಕಲಿತೆ ಅಂತ ಅವರಿಗೆ ಹೇಳು" ಎಂದಷ್ಟೇ ಹೇಳಿ. ಅದಕ್ಕಿಂತ ಮುಂದಿನ ಯಾವ ಹೆಜ್ಜೆಯೂ ತಂದೆತಾಯಿಗೆ ತಿಳಿಯದೆ ಆಗಬಾರದು.

ಸಹಾಯಕರಿಗೆ ಒಂದು ನೋಟ್‌ಬುಕ್ ಕೊಡಿ. ಬೆಂಚಿಗೆ ಬಂದ ಮಗುವಿನ ಹೆಸರು, ದಿನ, ಅದು ಕೇಳಿದ ಪ್ರಶ್ನೆ, ಇಷ್ಟನ್ನು ಬರೆದರೆ ಸಾಕು. ಕೊನೆಯ ದಿನದ ವರದಿಯಲ್ಲಿ "ರಕ್ಷಣೆ ಹೊಂದಿದವರು ಇಷ್ಟು" ಎಂಬ ಸಾಲು ಬೇಡ, "ಮಾತಾಡಲು ಬಂದವರು ಇಷ್ಟು" ಎಂದಿರಲಿ. ಆ ನೋಟ್‌ಬುಕ್ ಸಂಡೇ ಸ್ಕೂಲ್ ಟೀಚರ ಕೈಸೇರದಿದ್ದರೆ ಬರೆದೂ ಪ್ರಯೋಜನವಿಲ್ಲ. ಎರಡು ವಾರದೊಳಗೆ, ಮನೆಯವರ ಒಪ್ಪಿಗೆ ಕೇಳಿಕೊಂಡು, ಅದೇ ಟೀಚರ್ ಒಮ್ಮೆ ಭೇಟಿ ಮಾಡಲಿ. ವಿಬಿಎಸ್‌ಗೆಂದೇ ಬೇರೆ ಕಡೆಯಿಂದ ಬಂದ ಸ್ವಯಂಸೇವಕರನ್ನು ಕಳಿಸಬೇಡಿ, ಮಗು ಅವರನ್ನು ಮತ್ತೆ ಕಾಣುವುದಿಲ್ಲ. ಓದಲು ಬರುವ ಮಕ್ಕಳಿಗೆ ಮಾರ್ಕನ ಸುವಾರ್ತೆ ಕೊಡಿ. ಒಟ್ಟು 16 ಅಧ್ಯಾಯ, ಕೆಲವು ಉದ್ದ. ದಿನಕ್ಕೆ ಅರ್ಧ ಅಧ್ಯಾಯದಂತೆ ಓದಿದರೆ ಒಂದು ತಿಂಗಳ ಓದು, ಶಾಲೆ ತೆರೆಯುವ ಹೊತ್ತಿಗೆ ಮುಗಿದಿರುತ್ತದೆ. ಪ್ರತಿ ದಿನದ ಓದಿನ ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದುಕೊಡಿ: "ಇಲ್ಲಿ ಯೇಸು ಏನು ಮಾಡಿದರು?" ಸಭೆಯ ಮನೆಯವರಾದರೆ ಅಪ್ಪನೋ ಅಮ್ಮನೋ ರಾತ್ರಿ ಆ ಪ್ರಶ್ನೆ ಕೇಳಲಿ, ಇದನ್ನು ಅವರಿಗೆ ನೋಂದಣಿಯ ದಿನವೇ ಹೇಳಿಟ್ಟರೆ ಒಳ್ಳೆಯದು.